ನಡಿಗೆಗೂ ಬೋಲ್ಟ್ ಜೋಡಣೆಗೂ ಏನು ಸಂಬಂಧ?

ಉಡುಪಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿರುವ ತಾವು, ಮನುಷ್ಯನ ನಡಿಗೆಯ ಬಲಗಳನ್ನು ಅಳೆಯುವವರೇ ಬೋಲ್ಟ್ ಜೋಡಣೆಗಳನ್ನೂ ಪರೀಕ್ಷಿಸುವುದೇಕೆ ಎಂದು ಕೇಳಿದ್ದೀರಿ. ಮಂಗಳೂರಿನಲ್ಲಿ ಕೆಲವು ವರ್ಷ ಇದೇ ಕೆಲಸ ಮಾಡಿದ ನನ್ನ ಅನುಭವದಲ್ಲಿ, ಎರಡು ಕಡೆಯೂ ನೇರ ಭಾರಕ್ಕಿಂತ ಹೆಚ್ಚು ಕಾಡುವುದು ಮತ್ತೆ ಮತ್ತೆ ಬರುವ ಸಣ್ಣ ಅಡ್ಡ ಬಲ.

ಕಾಲು ನೆಲವನ್ನು ಒತ್ತುವ ಬಲವನ್ನು ಅಳೆಯುವ ಫೋರ್ಸ್ ಪ್ಲೇಟ್ ಎಂಬ ತಟ್ಟೆಯ ಮೇಲೆ ಒಂದು ಹೆಜ್ಜೆ ಇಟ್ಟರೆ ಲಂಬ ಬಲದ ಗೆರೆ ಎರಡು ಬಾರಿ ಏರುತ್ತದೆ: ಹಿಮ್ಮಡಿ ಊರಿ ಮೈಭಾರ ಹೊರುವಾಗ ಒಮ್ಮೆ, ಬೆರಳುಗಳು ನೆಲವನ್ನು ಹಿಂದಕ್ಕೆ ಒದೆಯುವಾಗ ಇನ್ನೊಮ್ಮೆ. ಸಾಧಾರಣ ನಡಿಗೆಯಲ್ಲಿ ಈ ಏರುಗಳು ದೇಹತೂಕದ ಸುಮಾರು 1.1ರಿಂದ 1.2 ಪಟ್ಟು, ಓಡುವಾಗ 2ರಿಂದ 3 ಪಟ್ಟು. ಅಡ್ಡ ಬಲವಾದರೋ ದೇಹತೂಕದ ಶೇ. 5ರ ಆಸುಪಾಸಿನದು, ಹೀಗಾಗಿ ಅದನ್ನು ಲೆಕ್ಕಕ್ಕೆ ಹಿಡಿಯದೆ ಬಿಡುವುದು ಸುಲಭ. ಆದರೆ ಸೆಕೆಂಡಿಗೆ ಸುಮಾರು ಎರಡು ಹೆಜ್ಜೆ ಇಡುವ ನಾವು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಳ್ಳುವುದರಿಂದ ಅಡ್ಡ ಬಲದ ಲಯ ಸೆಕೆಂಡಿಗೆ ಒಂದರಷ್ಟಾಗುತ್ತದೆ. 2000ದ ಜೂನ್ 10ರಂದು ತೆರೆದ ಲಂಡನ್ನಿನ ಮಿಲೆನಿಯಮ್ ಕಾಲುಸೇತುವೆಯ ಅಡ್ಡ ಕಂಪನದ ಆವರ್ತನ ಇದಕ್ಕೆ ಹತ್ತಿರವಿತ್ತು. ಸೇತುವೆ ತೂಗತೊಡಗಿದಾಗ ಜನರು ಬೀಳದಿರಲೆಂದು ಅದರ ತೂಗಿಗೇ ಹೆಜ್ಜೆ ಹೊಂದಿಸಿಕೊಂಡರು, ತೂಗು ಇನ್ನೂ ಹೆಚ್ಚಿತು. ಎರಡೇ ದಿನದಲ್ಲಿ ಮುಚ್ಚಿದ ಅದನ್ನು ತೂಗನ್ನು ತಗ್ಗಿಸುವ ಡ್ಯಾಂಪರುಗಳನ್ನು ಅಳವಡಿಸಿ 2002ರಲ್ಲಿ ಮತ್ತೆ ತೆರೆದರು.

ಇನ್ನು ಬೋಲ್ಟ್. ಸ್ಪ್ಯಾನರಿಗೆ ಹಾಕಿದ ಬಲದಲ್ಲಿ ಸುಮಾರು ಹತ್ತನೇ ಒಂದಂಶ ಮಾತ್ರ ಬೋಲ್ಟನ್ನು ಎಳೆದು ಬಿಗಿಯಾಗಿಸುತ್ತದೆ, ಉಳಿದದ್ದು ತಲೆಯಡಿಯ ಮತ್ತು ಥ್ರೆಡ್ಡಿನ ಘರ್ಷಣೆಗೆ ಹೋಗುತ್ತದೆ. ಆ ಘರ್ಷಣೆಯೇ ನಟ್ಟನ್ನು ತಿರುಗದಂತೆ ಹಿಡಿದಿಟ್ಟಿರುತ್ತದೆ. ಜೋಡಿಸಿದ ತಟ್ಟೆಗಳು ಅಡ್ಡಡ್ಡ ಜಾರಲಾರಂಭಿಸಿದರೆ ಹಿಡಿತ ತಪ್ಪಿ ನಟ್ ತಾನಾಗಿ ಬಿಚ್ಚಿಕೊಳ್ಳುತ್ತದೆಂದು ಜರ್ಮನಿಯ ಗೆರ್ಹಾರ್ಡ್ ಯುಂಕರ್ 1969ರಲ್ಲಿ ತೋರಿಸಿಕೊಟ್ಟರು. ಬೋಲ್ಟಿನ ಉದ್ದಕ್ಕೆ ಬರುವ ಕಂಪನಕ್ಕೆ ಹೋಲಿಸಿದರೆ ಇದು ಬಹಳ ಕೆಟ್ಟದ್ದು.

ನನಗೆ ಇದು ಅರ್ಥವಾದದ್ದು ನನ್ನದೇ ತಪ್ಪಿನಿಂದ. ಒಂದು ಮಳೆಗಾಲ ನಮ್ಮ ಪ್ಲೇಟು ಪ್ರತಿ ಹೆಜ್ಜೆಯ ಆರಂಭದಲ್ಲಿ ಗರಗಸದ ಹಲ್ಲಿನಂಥ ಒಂದು ಮೊನಚನ್ನು ತೋರಿಸುತ್ತಿತ್ತು. ನಡೆದವರ ಹಿಮ್ಮಡಿಯದೇ ದೋಷವೆಂದು ಒಂದು ವಾರ ಅವರನ್ನು ಬರಿಗಾಲಲ್ಲಿ, ಚಪ್ಪಲಿಯಲ್ಲಿ, ಶೂನಲ್ಲಿ ನಡೆಸಿದೆ, ಪಾಪ. ಕೊನೆಗೆ ನೋಡಿದರೆ ಪ್ಲೇಟಿನ ಒಂದು ಮೂಲೆಯ ಬೋಲ್ಟ್ ಬೆರಳಲ್ಲೇ ತಿರುಗುವಷ್ಟು ಸಡಿಲವಾಗಿತ್ತು. ಅಂದಿನಿಂದ ನಟ್ಟಿನ ಮೇಲಿಂದ ತಟ್ಟೆಯವರೆಗೆ ಬಣ್ಣದಲ್ಲಿ ಒಂದು ಗೀಟು ಎಳೆದಿಡುತ್ತೇನೆ. ಗೀಟು ಮುರಿದಿದ್ದರೆ ನಟ್ ತಿರುಗಿದೆ ಎಂದೇ ಲೆಕ್ಕ.

ನಮ್ಮ ಜಿಲ್ಲೆಗಳಲ್ಲಿ ಈ ವಿಷಯಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ನೂರಕ್ಕೂ ಹೆಚ್ಚು ತೂಗುಸೇತುವೆಗಳನ್ನು ಕಟ್ಟಿ 2017ರಲ್ಲಿ ಪದ್ಮಶ್ರೀ ಪಡೆದ ಸುಳ್ಯದ ಗಿರೀಶ್ ಭಾರದ್ವಾಜರು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗನ್ನೇ. ನಿಮ್ಮ ಪ್ರಾಜೆಕ್ಟಿಗೆ ಕೆಮ್ಮಣ್ಣಿನ ತೂಗುಸೇತುವೆಯಂಥ ಒಂದನ್ನು ಆರಿಸಿ, ಊರವರಲ್ಲಿ ಕೇಳಿಕೊಂಡು, ನಡುಭಾಗದ ಹಲಗೆಯ ಮೇಲೆ ಮೊಬೈಲನ್ನು ಅಲುಗದಂತೆ ಇಟ್ಟು, ಅದರ ವೇಗೋತ್ಕರ್ಷ ಮಾಪಕದಲ್ಲಿ (ಆಕ್ಸೆಲೆರೊಮೀಟರ್) ಮೊದಲು ಒಬ್ಬರು, ಆಮೇಲೆ ನಾಲ್ವರು ನಡೆಯುವಾಗಿನ ಅಡ್ಡ ಕಂಪನವನ್ನು ದಾಖಲಿಸಿ.