ಚೋಕ್ ತೆಗೆದರೆ ಎಂಜಿನ್ ನಿಲ್ಲುವುದೇಕೆ?

ಪ್ರಶ್ನೆ: ಕೆಲವು ತಿಂಗಳು ಬಳಸದೆ ನಿಲ್ಲಿಸಿದ್ದ ನನ್ನ ಡರ್ಟ್ ಬೈಕ್ ಈಗ ಚೋಕ್ ಹಾಕಿದ್ದರೆ ಮಾತ್ರ ಓಡುತ್ತದೆ, ತೆಗೆದ ಕೂಡಲೇ ನಿಂತುಬಿಡುತ್ತದೆ. ಹೊಸ ಪೆಟ್ರೋಲ್ ಹಾಕಿದರೂ ಪ್ರಯೋಜನವಾಗಿಲ್ಲ. ಮನೆಯಲ್ಲೇ ಸರಿಪಡಿಸಬಹುದೆ?

ಉತ್ತರ: ಸರಿಪಡಿಸಬಹುದು. ಇಂತಹ ಲಕ್ಷಣಕ್ಕೆ ಬಹುಮಟ್ಟಿಗೆ ಕಾರ್ಬುರೇಟರಿನ (ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಭಾಗ) ಪೈಲಟ್ ಜೆಟ್, ಅಂದರೆ ನಿಧಾನಗತಿಯಲ್ಲಿ ಪೆಟ್ರೋಲ್ ಹಾಯಿಸುವ ಸಣ್ಣ ರಂಧ್ರದ ಬಿಡಿಭಾಗ, ಕಟ್ಟಿಕೊಂಡಿರುವುದೇ ಕಾರಣ. ಆಗ ಕೊರತೆಯಾಗುವ ಪೆಟ್ರೋಲನ್ನು ಚೋಕ್ ತುಂಬಿಕೊಡುತ್ತದೆ, ತೆಗೆದರೆ ಎಂಜಿನ್ ನಿಲ್ಲುತ್ತದೆ. ಕಾರ್ಬುರೇಟರಿನ ತಳದಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲಾದ ಫ್ಲೋಟ್ ಬೌಲ್‌ನಲ್ಲಿ ಉಳಿದ ಪೆಟ್ರೋಲ್ ಆವಿಯಾದ ಮೇಲೆ ಹಿಂದುಳಿಯುವ ಅಂಟು, ಸುಮಾರು ಅರ್ಧ ಮಿಲಿಮೀಟರ್ ಅಗಲದ ಈ ರಂಧ್ರವನ್ನು ಮೊದಲು ಮುಚ್ಚುತ್ತದೆ. ಹೊಸ ಪೆಟ್ರೋಲ್ ಅದನ್ನು ಸುಲಭವಾಗಿ ಕರಗಿಸುವುದಿಲ್ಲ.

ಎಂಜಿನ್ ತಣ್ಣಗಾದ ಮೇಲೆ, ಬೆಂಕಿಯಿಂದ ದೂರದ ಬಯಲು ಜಾಗದಲ್ಲಿ, ಪೆಟ್ರೋಲ್ ಕಾಕ್ (ಟ್ಯಾಂಕಿನ ನಲ್ಲಿ) ಮುಚ್ಚಿ ಬೌಲ್ ಬರಿದು ಮಾಡಿ ಕಳಚಿರಿ. ಜೆಟ್ ಮೆದುವಾದ ಹಿತ್ತಾಳೆಯದಾದ್ದರಿಂದ ಅದರ ಸೀಳಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರನ್ನೇ ಬಳಸಬೇಕು. ಬಿಚ್ಚಿದ ಜೆಟ್ಟನ್ನು ಬೆಳಕಿಗೆ ಹಿಡಿದಾಗ ದುಂಡಾದ ಚುಕ್ಕೆ ಸ್ಪಷ್ಟವಾಗಿ ಕಾಣದಿದ್ದರೆ, ಕಣ್ಣಿನ ರಕ್ಷಣೆಯ ಕನ್ನಡಕ ಧರಿಸಿ, ರಬ್ಬರ್ ಭಾಗಗಳನ್ನೆಲ್ಲ ಬೇರ್ಪಡಿಸಿ, ಕಾರ್ಬ್ ಕ್ಲೀನರ್ (ಕಾರ್ಬುರೇಟರ್ ಶುಚಿಗೊಳಿಸುವ ದ್ರವ) ಸಿಂಪಡಿಸಿ ಒತ್ತಡದ ಗಾಳಿ ಹಾಯಿಸಿರಿ. ಜೆಟ್ ಕೂರುವ ದಾರಿಗೂ ಹಾಗೆಯೇ ಮಾಡಿರಿ. ಉಕ್ಕಿನ ತಂತಿ ಮಾತ್ರ ತೂರಿಸಬೇಡಿ (ಅನೇಕರು ಮಾಡುವುದು ಇದನ್ನೇ), ರಂಧ್ರ ಹಿಗ್ಗಿದರೆ ಜೆಟ್ ಬದಲಿಸಲೇಬೇಕಾಗುತ್ತದೆ.

ಗಾಳಿ-ಪೆಟ್ರೋಲ್ ಮಿಶ್ರಣ ಹೊಂದಿಸುವ ಸ್ಕ್ರೂ ಬಿಚ್ಚುವ ಮುನ್ನ, ಅದನ್ನು ಹಗುರವಾಗಿ ತಳ ಮುಟ್ಟುವವರೆಗೆ ಒಳತಿರುಗಿಸಿ ಎಷ್ಟು ಸುತ್ತೆಂದು ಬರೆದಿಟ್ಟುಕೊಳ್ಳಿರಿ. ಇಷ್ಟಾದರೂ ಗುಣ ಕಾಣದಿದ್ದರೆ ಕಾರ್ಬುರೇಟರನ್ನು ಎಂಜಿನ್ನಿಗೆ ಜೋಡಿಸುವ ರಬ್ಬರ್ ಬೂಟ್ ಬಿರಿದಿದೆಯೇ ಎಂದು ನೋಡಿರಿ, ಏಕೆಂದರೆ ಅಲ್ಲಿಂದ ಒಳನುಗ್ಗುವ ಗಾಳಿಯೂ ಇದೇ ತೊಂದರೆ ಕೊಡುತ್ತದೆ. ಮುಂದೆ ಬೈಕ್ ಹೆಚ್ಚು ಕಾಲ ನಿಲ್ಲಿಸುವುದಾದರೆ ಕಾಕ್ ಮುಚ್ಚಿ ಬೌಲ್ ಬರಿದು ಮಾಡಿಡಿ.