ಎಲೀಯನಿಗೆ ಮೊದಲು ಸಿಕ್ಕಿದ್ದು ರೊಟ್ಟಿ

ತಮ್ಮಾ, ನಿನ್ನ ಮೆಸೇಜು ಓದಿದೆ. ದುಬೈಗೆ ಬಂದು ಇನ್ನೂ ಪ್ರೊಬೇಷನ್ ಮುಗಿದಿಲ್ಲ, ರಾತ್ರಿ ಎದೆ ಡವಡವ ಅಂತ ನಿದ್ದೆ ಇಲ್ಲ, ಪ್ರಾರ್ಥನೆ ಮಾಡಿದರೂ ಸಮಾಧಾನ ಸಿಗುತ್ತಿಲ್ಲ, ನನ್ನ ವಿಶ್ವಾಸವೇ ಕಡಿಮೆಯಾ ಅಕ್ಕ ಅಂತ ಕೇಳಿದ್ದೀಯ. ಜೊತೆಗೆ ಚರ್ಚು ಎಲ್ಲಿದೆ, ರೂಮಿನ ಕಷ್ಟ ಏನು ಮಾಡಲಿ, ಊರಿಂದ ನಿದ್ದೆ ಮಾತ್ರೆ ತರಿಸಲಾ ಅಂತಲೂ.

ಚರ್ಚಿಗೆ ತೊಂದರೆ ಇಲ್ಲ. ಔದ್ ಮೇಥಾ ಏರಿಯಾದಲ್ಲಿ ಹೋಲಿ ಟ್ರಿನಿಟಿ ಚರ್ಚು ಇದೆ, ಹತ್ತಿರದಲ್ಲೇ ಕೆಥೋಲಿಕರ ಸೇಂಟ್ ಮೇರೀಸ್. ಗ್ರೀನ್ ಲೈನ್ ಮೆಟ್ರೋ ಹಿಡಿ. 2022ರಲ್ಲಿ ವಾರದ ರಜೆ ಶನಿವಾರ, ಭಾನುವಾರಕ್ಕೆ ಬದಲಾಯಿತು, ಅಲ್ಲಿಯವರೆಗೆ ಶುಕ್ರವಾರದ ರಜೆಯಲ್ಲೇ ಆರಾಧನೆ, ನಮಗೆ ಶುಕ್ರವಾರವೇ ಭಾನುವಾರ. ಕಾಂಪೌಂಡಿನ ಒಳಗೆ ಬೇಕಾದಷ್ಟು ಹಾಡು, ಹೊರಗೆ ಧರ್ಮಪ್ರಚಾರದ ಉಸಾಬರಿ ಬೇಡ, ಕಾನೂನು ಬಿಗಿ. ರೂಮಿನ ಬಗ್ಗೆ ಏನು ಹೇಳಲಿ, ಹಲವರಿರುವ ರೂಮಿನಲ್ಲಿ ಒಂದು ಮಂಚ ಮಾತ್ರ ಬಾಡಿಗೆಗೆ, ಬೆಡ್‌ಸ್ಪೇಸ್ ಅಂದರೆ ಬೆಡ್‌ಸ್ಪೇಸೇ.

ನಾನು ಬಂದ ಹೊಸದರಲ್ಲಿ ಇಲ್ಲೇ ಕರಾಮ ಏರಿಯಾದಲ್ಲಿ ಮೇಲಿನ ಬಂಕು. ಪರದೆ ಎಳೆದುಕೊಂಡು ಮೊಬೈಲ್ ಬೆಳಕಿನಲ್ಲಿ ಬೈಬಲ್ ಓದುತ್ತಿದ್ದೆ. ಕಣ್ಣು ಅಕ್ಷರದ ಮೇಲೆ, ಮನಸ್ಸು ನಾಳೆ ಮ್ಯಾನೇಜರ್ ಕೇಳುವ ಇನ್‌ವಾಯ್ಸಿನ ಮೇಲೆ. ಪರಿಚಯದವರೊಬ್ಬರು, ಚಿಂತೆ ಮಾಡುವುದೇ ಅವಿಶ್ವಾಸ, ಉಪವಾಸ ಇರು ಅಂದರು. ಇದ್ದೆ. ಅಲ್ಪಸ್ವಲ್ಪ ಬರುತ್ತಿದ್ದ ನಿದ್ದೆಯೂ ಹೋಯಿತು, ಚಿಂತೆ ಮಾಡಿ ಪಾಪ ಮಾಡಿದೆನಲ್ಲ ಅನ್ನುವ ಚಿಂತೆ ಬೇರೆ. ಆ ಮಾತಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಸಂಡೇ ಸ್ಕೂಲಿನಲ್ಲಿ ಬೈಬಲಿನ ಪ್ರವಾದಿ ಎಲೀಯನ ಕಥೆ ಕೇಳಿದ್ದೀಯಲ್ಲ? ಕರ್ಮೆಲ್ ಬೆಟ್ಟದಲ್ಲಿ ಅವನ ಪ್ರಾರ್ಥನೆಗೆ ಆಕಾಶದಿಂದ ಬೆಂಕಿ ಇಳಿದದ್ದನ್ನು ಜೋರಾಗಿ ಹೇಳಿಕೊಡುತ್ತಾರೆ. ಮುಂದಿನ ಅಧ್ಯಾಯ ಓದು, ಒಂದನೇ ಅರಸುಗಳು 19. ಅದೇ ಎಲೀಯ, ಕೊಲ್ಲಿಸುತ್ತೇನೆ ಅಂದ ರಾಣಿಗೆ ಹೆದರಿ ಮರುಭೂಮಿಗೆ ಓಡಿ, ಒಂದು ಗಿಡದ ಕೆಳಗೆ ಕೂತು, ನನಗೆ ಸಾಕು, ಸಾವು ಬರಲಿ ಅನ್ನುತ್ತಾನೆ. ದೇವದೂತ ಬೈಯಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು. ತಿಂದು ಮತ್ತೆ ಮಲಗಿದ. ದೂತ ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸಿದ. ದೇವರ ಮೆಲ್ಲನೆಯ ಧ್ವನಿ ಕೇಳಿಸಿದ್ದು ಅದಾದ ಮೇಲೆ, ಹೋರೇಬ್ ಬೆಟ್ಟದಲ್ಲಿ. ಅಷ್ಟು ದೊಡ್ಡ ಪ್ರವಾದಿಗೇ ಮೊದಲು ಊಟ, ನಿದ್ದೆ ಬೇಕಾಯಿತು, ನಿನಗೆ ಬೇಡವಾ? 88ನೇ ಕೀರ್ತನೆಯಂತೂ ಕತ್ತಲಲ್ಲೇ ಮುಗಿಯುತ್ತದೆ. ಅದೂ ಪ್ರಾರ್ಥನೆಯೇ ಅಲ್ವಾ. ನೀನೂ ಹಾಗೇ ಹೇಳಿಕೋ, ಚಂದ ಮಾಡಬೇಡ.

ನನಗೆ ಸಮಾಧಾನ ಬಂದದ್ದು ಚರ್ಚಿನಲ್ಲಿ ನಾಲ್ಕು ಜನರ ಮಧ್ಯೆ ನಿಂತು ಹಾಡುವಾಗ. ಬಾಸೆಲ್ ಮಿಶನ್ ಪಾದ್ರಿಗಳ ಕಾಲದ ಜರ್ಮನ್ ರಾಗಕ್ಕೆ ಕನ್ನಡ ಹಾಡಿಕೊಂಡೇ ನಮ್ಮ ಅಜ್ಜಿಯಂದಿರು ಕಷ್ಟ ಕಳೆದವರು, ಸುಮ್ನೆ ಅಲ್ಲ. ಉದ್ದ ಸಾಲು ಹಾಡುವಾಗ ಉಸಿರು ತಾನಾಗಿ ನಿಧಾನವಾಗುತ್ತದೆ. ಮ್ಯಾನೇಜರ್ ಬದಲಾಗಲಿಲ್ಲ, ಇನ್‌ವಾಯ್ಸೂ ಕಡಿಮೆಯಾಗಲಿಲ್ಲ. ಊರಿನ ಚರ್ಚಿನ ಬೆಳೆ ಹಬ್ಬ, ಅಂಗಳದಲ್ಲಿ ಕುಂಬಳಕಾಯಿ, ಕೋಳಿಯ ಏಲಂ, ಅದು ಮಾತ್ರ ಇಲ್ಲಿ ಸಿಗುವುದಿಲ್ಲ ಬಿಡು.

ಇನ್ನು ಮಾತ್ರೆ. ಊರಿಂದ ಬರುವವರ ಕೈಯಲ್ಲಿ ನಿದ್ದೆ ಮಾತ್ರೆ ತರಿಸಬೇಡ. ಇಲ್ಲಿ ಅಂಥ ಔಷಧಿಗೆ ಮೊದಲೇ ಅನುಮತಿ ಬೇಕು, ಇಲ್ಲದಿದ್ದರೆ ತಂದವರು, ಪಾಪ, ಸಿಕ್ಕಿಬೀಳುತ್ತಾರೆ. ದುಬೈಯಲ್ಲಿ ಹೆಲ್ತ್ ಇನ್ಶೂರೆನ್ಸ್ ಕಂಪನಿಯೇ ಮಾಡಿಸಬೇಕು, ಕಾರ್ಡಿನಲ್ಲಿ ಯಾವ ಕ್ಲಿನಿಕ್ ಇದೆ ನೋಡಿ ಈ ವಾರವೇ ಡಾಕ್ಟರ ಹತ್ತಿರ ಹೋಗು, ಎದೆಬಡಿತವನ್ನೂ ಹೇಳು. ಬರುವ ಭಾನುವಾರ ಮಧ್ಯಾಹ್ನ ನಮ್ಮ ಮನೆಗೆ ಬಾ. ಕೋರಿರೊಟ್ಟಿ ಮಾಡುತ್ತೇನೆ, ಮೀನಾದರೂ ಆಗಬಹುದು, ಯಾವುದು ಬೇಕು ಹೇಳು.