ತಾಯಿ ಅಂತೀವಿ, ಕೈಯಲ್ಲಿ ತ್ರಿಶೂಲ ಯಾಕೆ?

ಪ್ರಶ್ನೆ: ನವರಾತ್ರಿಗೆ ಬೊಂಬೆ ಕೂರಿಸೋದು ನಮ್ಮ ಮನೆಯಲ್ಲಿ ಅತ್ತೆಯವರ ಕಾಲದಿಂದ ಬಂದ ಪದ್ಧತಿ. ಏಳನೇ ಕ್ಲಾಸಿನ ಮಗಳು ಮೊನ್ನೆ ಕೇಳಿದಳು: "ಚಾಮುಂಡಿ ತಾಯಿ ಅಂತೀಯಲ್ಲಮ್ಮ, ತಾಯಿ ಯಾಕೆ ಕೊಲ್ತಾಳೆ? ಕೊಂದಿದ್ದಕ್ಕೆ ನಾವು ಹಬ್ಬ ಮಾಡೋದಾ?" ಏನು ಹೇಳಬೇಕೋ ತಿಳಿಯಲಿಲ್ಲ. ಇನ್ನೊಂದು ವಿಷಯ. ಈಗ ಚಿಕ್ಕ ಬಾಡಿಗೆ ಮನೆಯಲ್ಲಿದ್ದೇವೆ, ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಒಂಬತ್ತು ದಿನ ಮೆಟ್ಟಿಲು ಕಟ್ಟಿ ಬೊಂಬೆ ಇಡಲು ಜಾಗವೂ ಇಲ್ಲ, ಸಮಯವೂ ಇಲ್ಲ. ಬಿಟ್ಟರೆ ದೋಷವೇ?
– ಒಬ್ಬ ಓದುಗರು, ಮಂಡ್ಯ

ಉತ್ತರ: ಮಗಳು ಒಳ್ಳೆಯ ಪ್ರಶ್ನೆಯನ್ನೇ ಕೇಳಿದ್ದಾಳೆ. "ದೇವರ ವಿಷಯದಲ್ಲಿ ಹಾಗೆಲ್ಲ ಕೇಳಬಾರದು" ಅಂತ ದಯವಿಟ್ಟು ಅವಳ ಬಾಯಿ ಮುಚ್ಚಿಸಬೇಡಿ. ಉತ್ತರ ನವರಾತ್ರಿಯಲ್ಲಿ ಪಾರಾಯಣ ಮಾಡುವ ದೇವೀ ಮಹಾತ್ಮೆಯಲ್ಲೇ ಇದೆ. ಅದು ಮಾರ್ಕಂಡೇಯ ಪುರಾಣದ ಒಂದು ಭಾಗ, ಒಟ್ಟು 13 ಅಧ್ಯಾಯ. ಮಹಿಷಾಸುರನ ಯುದ್ಧ ಮುಗಿಯುವುದು ಮೂರನೇ ಅಧ್ಯಾಯದಲ್ಲಿ. ಮಕ್ಕಳಿಗೆ ಕಥೆ ಹೇಳುವವರು ಬಹುಮಟ್ಟಿಗೆ ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ನನ್ನ ಪ್ರಕಾರ ಹಬ್ಬದ ತಿರುಳು ಇರುವುದು ಅದರ ಮುಂದಿನ ಅಧ್ಯಾಯದಲ್ಲಿ.

ಅಲ್ಲಿ ಇಂದ್ರ ಮೊದಲಾದ ದೇವತೆಗಳು ದೇವಿಯ ಸ್ತುತಿ ಮಾಡುತ್ತಾರೆ. ಅವರ ಮಾತಿನ ಸಾರ ಹೀಗಿದೆ: ತಾಯಿ, ನೀನು ಬರೀ ನೋಟದಿಂದಲೇ ಈ ಅಸುರರನ್ನೆಲ್ಲ ಸುಟ್ಟು ಬೂದಿ ಮಾಡಬಹುದಿತ್ತು. ಆದರೂ ಆಯುಧ ಎತ್ತಿದೆ. ಯಾಕೆಂದರೆ ನಿನ್ನ ಆಯುಧ ತಾಗಿ ಶತ್ರುಗಳೂ ಪವಿತ್ರರಾಗಿ ಒಳ್ಳೆಯ ಲೋಕ ಸೇರಲಿ ಎಂಬುದು ನಿನ್ನ ಮನಸ್ಸು. ಮನಸ್ಸಿನಲ್ಲಿ ದಯೆ, ಯುದ್ಧದಲ್ಲಿ ಕಠೋರತೆ, ಇವೆರಡೂ ಒಟ್ಟಿಗೆ ಕಾಣುವುದು ಮೂರು ಲೋಕದಲ್ಲಿ ನಿನ್ನೊಬ್ಬಳಲ್ಲೇ.

ಎದುರಿಗೆ ನಿಂತವನ ಮೇಲೂ ಅವಳಿಗೆ ಹಗೆ ಇಲ್ಲ. ಅವನ ಕೈಯಿಂದ ಲೋಕಕ್ಕೆ ಆಗುತ್ತಿರುವ ಅನ್ಯಾಯ ನಿಲ್ಲಬೇಕು, ಅಷ್ಟೇ. ಮಂಡ್ಯದ ಕಡೆಯ ಹುಡುಗಿಗೆ ಇದನ್ನು ಬಿಡಿಸಿ ಹೇಳೋದು ಸುಲಭ. ಕರು ಹಾಕಿದ ಹಸು ನೋಡಿರುತ್ತಾಳೆ ಅಲ್ವಾ? ಎಷ್ಟೇ ಸಾಧು ಹಸುವಾದರೂ ನಾಯಿ ಕರುವಿನ ಹತ್ತಿರ ಬಂದರೆ ಕೊಂಬು ತಗ್ಗಿಸಿ ನುಗ್ಗುತ್ತದೆ. ಆ ಸಿಟ್ಟು ಹುಟ್ಟೋದು ಪ್ರೀತಿಯಿಂದಲೇ.

ನಮ್ಮ ಹಳೆಯ ಶಿಲ್ಪಿಗಳಿಗೂ ಇದು ಗೊತ್ತಿತ್ತು. ಸುತ್ತಮುತ್ತ ಯಾವುದಾದರೂ ಹಳೆಯ ಗುಡಿಗೆ ಹೋದಾಗ ಮಹಿಷಮರ್ದಿನಿಯ ವಿಗ್ರಹವನ್ನು ಮಗಳಿಗೆ ಹತ್ತಿರದಿಂದ ತೋರಿಸಿ. ಕಾಲ ಕೆಳಗೆ ಕೋಣ, ಕೈತುಂಬ ಆಯುಧ, ಇಳಿಯುತ್ತಿರುವ ತ್ರಿಶೂಲ. ಆದರೆ ಎಷ್ಟೋ ವಿಗ್ರಹಗಳಲ್ಲಿ ಮುಖ ಮಾತ್ರ ಶಾಂತವಾಗಿರುತ್ತದೆ. ಕಣ್ಣಿನಲ್ಲಿ ಕೋಪ ಕಾಣುವುದಿಲ್ಲ.

ಹಾಗಾಗಿ ನಾವು ಹಬ್ಬ ಮಾಡುವುದು ಒಬ್ಬ ಸತ್ತ ಅಂತ ಅಲ್ಲ, ಕಾಯುವವಳು ಒಬ್ಬಳಿದ್ದಾಳೆ ಅಂತ. ಮೈಸೂರಿನ ದಸರಾದಲ್ಲೂ ಅದು ಕಣ್ಣಿಗೆ ಕಾಣುತ್ತದೆ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಶುರು ಮಾಡಿದ ಹಬ್ಬ ಇದು. ಮುಂದೆ ಮೈಸೂರಿನ ಜಂಬೂಸವಾರಿಯಲ್ಲಿ ಅಂಬಾರಿಯ ಮೇಲೆ ಮಹಾರಾಜರು ಕೂರುತ್ತಿದ್ದರು. ಈಗ ಅದೇ ಅಂಬಾರಿಯಲ್ಲಿ ಚಾಮುಂಡೇಶ್ವರಿ ಬರುತ್ತಾಳೆ. ಜನ ಕೈಮುಗಿಯುವುದು ಅವಳಿಗೆ. ನನಗಂತೂ ಈ ಬದಲಾವಣೆ ತುಂಬಾ ಸರಿ ಅನ್ನಿಸುತ್ತದೆ.

ಇನ್ನು ಬೊಂಬೆಯ ವಿಷಯ. ದೋಷ ಏನೂ ಇಲ್ಲ, ಆ ಭಯ ಬಿಡಿ. ದೇವೀ ಮಹಾತ್ಮೆಯ ಕಥೆ ಕೇಳುವವರು ಇಬ್ಬರು. ಒಬ್ಬ ಸುರಥ, ರಾಜ್ಯ ಕಳೆದುಕೊಂಡು ಕಾಡಿಗೆ ಬಂದ ರಾಜ. ಇನ್ನೊಬ್ಬ ಸಮಾಧಿ ಎಂಬ ವ್ಯಾಪಾರಿ. ದುಡ್ಡಿನ ಆಸೆಗೆ ಹೆಂಡತಿ ಮಕ್ಕಳೇ ಅವನನ್ನು ಮನೆಯಿಂದ ಹೊರಗೆ ಹಾಕಿದ್ದರು. ಆದರೂ ಅವನಿಗೆ ಅವರದೇ ಚಿಂತೆ, ಮಕ್ಕಳು ಚೆನ್ನಾಗಿದ್ದಾರೋ ಇಲ್ಲವೋ ಅಂತ. ಕಥೆಯೆಲ್ಲ ಕೇಳಿದ ಮೇಲೆ ಅವರಿಬ್ಬರೂ ಪೂಜೆ ಮಾಡಿದ್ದು ಹೇಗೆ? ಹೊಳೆ ದಂಡೆಯಲ್ಲಿ ಕೂತು, ಮಣ್ಣಿನಿಂದ ದೇವಿಯ ಮೂರ್ತಿ ಮಾಡಿ, ಹೂವು ಧೂಪ ಇಟ್ಟು. ಅದಕ್ಕೇ ದೇವಿ ಒಲಿದಳು. ಎಲ್ಲ ಕಳೆದುಕೊಂಡವರು ಕೈಗೆ ಸಿಕ್ಕಿದ್ದರಲ್ಲಿ ಮಾಡಿದ ಪೂಜೆ ಅದು. ನಿಮ್ಮ ಬಾಡಿಗೆ ಮನೆ ಅದಕ್ಕಿಂತ ಚಿಕ್ಕದೇನಲ್ಲ.

ಹೀಗೆ ಮಾಡಿ. ಅತ್ತೆಯವರ ಪಟ್ಟದ ಬೊಂಬೆ, ಅಂದರೆ ರಾಜ ರಾಣಿ ಜೋಡಿ, ಇದ್ದರೆ ಅಷ್ಟೇ ಸಾಕು. ಟೇಬಲ್ ಮೇಲೆ ಒಗೆದ ಬಟ್ಟೆ ಹಾಸಿ ಪಕ್ಕದಲ್ಲಿ ಕಲಶ ಇಡಿ. ಒಂಬತ್ತು ದಿನ ಆಗದಿದ್ದರೆ ಮೂಲಾ ನಕ್ಷತ್ರದ ದಿನ, ಸರಸ್ವತಿ ಪೂಜೆಗೆ ಶುರು ಮಾಡಿ. ಮಗಳ ಪುಸ್ತಕಗಳನ್ನೂ ಅಲ್ಲೇ ಇಡಿ. ಕೊನೆಯ ಮೂರು ದಿನ ಮಾತ್ರ ಮಾಡುವ ಪದ್ಧತಿಯೂ ಹಿಂದಿನಿಂದ ಇದೆ. ಆಯುಧಪೂಜೆ ದಿನ ಈಳಿಗೆಮಣೆ, ಕತ್ತರಿ, ಸ್ಕೂಟರ್‌ಗೆ ಅರಿಶಿನ ಕುಂಕುಮ ಹಚ್ಚಿದರೆ ಆಯಿತು.

ಒಂದನ್ನು ಮಾತ್ರ ಬಿಡಬೇಡಿ, ಬೊಂಬೆ ಬಾಗಿನ. ಸಂಜೆ ಕೆಲಸದಿಂದ ಬಂದ ಮೇಲೆ ಅಕ್ಕಪಕ್ಕದ ಮಕ್ಕಳನ್ನು ಕರೆದು ಕೈಗೆ ಏನಾದರೂ ತಿಂಡಿ ಕೊಡಿ. ಯಾರ ಮನೆಯ ಮಗು ಅಂತ ನೋಡಬೇಡಿ, ಬಂದವರಿಗೆಲ್ಲ ಕೊಡಿ. ಚಕ್ಕುಲಿ, ಕೊಬ್ಬರಿ ಮಿಠಾಯಿ ಮಾಡಲು ಪುರುಸೊತ್ತಿಲ್ಲದಿದ್ದರೆ ಅಂಗಡಿಯಿಂದ ತಂದರೂ ನಡೆಯುತ್ತದೆ. ಹಂಚುವ ಕೆಲಸ ಮಗಳಿಗೇ ಬಿಡಿ.